ಫೋಟೋದಲ್ಲಿ ಹಾಜರು, ರಿಜಿಸ್ಟರಿನಲ್ಲಿ ಗೈರು

ಉದ್ಯಮಶೀಲತಾ ಕೋಶದ ಸಂಯೋಜಕರೂ ಹಾಜರಾತಿ ಸಮಿತಿಯ ಅಧ್ಯಕ್ಷರೂ ಆಗಿರುವ ಮಾನ್ಯರೇ,

ನನಗೆ ಪರೀಕ್ಷೆಯ ಪ್ರವೇಶಪತ್ರ ಕೊಡುವುದಿಲ್ಲವೆಂದು ಕಳೆದ ಸೋಮವಾರ ನೋಟಿಸ್ ಬೋರ್ಡಿಗೆ ಹಾಕಿಸಿದ್ದೀರಿ. ಹಾಜರಾತಿ ನೂರಕ್ಕೆ ಎಪ್ಪತ್ತೈದು ಇರಬೇಕು, ನನ್ನದು ಎಪ್ಪತ್ತೊಂದು. ಅದೇ ಬೋರ್ಡಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಕಾಲೇಜಿನ ವಾರ್ಷಿಕ ವರದಿಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಿಸಿದ್ದೀರಿ. ತೆರೆದ ಪುಟದಲ್ಲೊಂದು ಬಣ್ಣದ ಫೋಟೋ. ಕೈಗೆಲ್ಲ ಮಸಿ ಮಾಡಿಕೊಂಡು ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಹುಡುಗಿ ನಾನೇ. "ನಮ್ಮ ಕೋಶದ ಮಾರ್ಗದರ್ಶನದಲ್ಲಿ ಎರಡು ವರ್ಷಗಳಿಂದ ಪ್ರಾಯೋಗಿಕ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿನಿ" ಎಂದು ಕೆಳಗೆ ಅಚ್ಚಾಗಿದೆ. ದಿನಾಂಕ ಫೆಬ್ರುವರಿ ಹದಿನೆಂಟು. ನಿಮ್ಮ ರಿಜಿಸ್ಟರಿನಲ್ಲಿ ಫೆಬ್ರುವರಿ ಹದಿನೆಂಟಕ್ಕೆ ನನ್ನ ಹೆಸರಿನ ಮುಂದೆ, ಐದೂ ಅವಧಿಗೆ, ಗೈರುಹಾಜರಿ ಎಂದಿದೆ.

ಇದನ್ನು ಬಹಿರಂಗವಾಗಿ ಬರೆಯುವ ಚಪಲ ನನಗಿರಲಿಲ್ಲ. ಮೂರು ಸಲ ಅರ್ಜಿ ಕೊಟ್ಟೆ. ಮೂರೂ ಸಲ ಅದೇ ಅರ್ಜಿಯ ಮೂಲೆಯಲ್ಲಿ "ನಿಯಮದಂತೆ" ಎಂದು ಗೀಚಿ ವಾಪಸ್ ಕಳಿಸಿದಿರಿ. ನಿಮ್ಮ ಕೋಣೆಯ ಬಾಗಿಲಿಗೆ ಎರಡು ಬೋರ್ಡುಗಳಿವೆ, ಒಂದು ಕೋಶದ್ದು, ಇನ್ನೊಂದು ಸಮಿತಿಯದ್ದು. ನಾನು ಯಾವ ಬೋರ್ಡಿನವರನ್ನು ಕೇಳಲು ಬಂದರೂ ಒಳಗೆ ಇನ್ನೊಂದು ಬೋರ್ಡಿನವರೇ ಕೂತಿರುತ್ತಾರೆ. ಆದ್ದರಿಂದ ಇಬ್ಬರಿಗೂ ಒಟ್ಟಿಗೆ ತಲುಪಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಕಾಲೇಜಿನ ಹೆಸರು ಬರೆದಿಲ್ಲ. ಮಂಡ್ಯದವರು ಯಾರಾದರೂ ಗುರುತು ಹಿಡಿದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ಮೊದಲ ವರ್ಷದ ಮೊದಲ ವಾರ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ನೀವು ಒಂದು ಗಂಟೆ ಮಾತಾಡಿದಿರಿ. ಕೆಲಸ ಹುಡುಕಬೇಡಿ, ಕೆಲಸ ಕೊಡುವವರಾಗಿ ಎಂದಿರಿ. ನಾಲ್ಕು ಗೋಡೆ ಬಿಟ್ಟು ಹೊರಗೆ ಬನ್ನಿ, ಕೈಗೊಂದು ಕೌಶಲ್ಯ ಮಾಡಿಕೊಳ್ಳಿ ಎಂದಿರಿ. ಜೊತೆಯವರೆಲ್ಲ ಚಪ್ಪಾಳೆ ತಟ್ಟಿ ಕ್ಯಾಂಟೀನಿಗೆ ಹೋದರು. ನಾನೊಬ್ಬಳು ಪೆದ್ದಿ, ನಿಮ್ಮ ಮಾತನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡೆ. ನೀವು ಹೇಳಿದ್ದು ಹೇಳುವುದಕ್ಕಷ್ಟೇ, ಮಾಡುವುದಕ್ಕಲ್ಲ ಅಂತ ಯಾರೂ ನನಗೆ ತಿಳಿಸಲಿಲ್ಲ. ನಮ್ಮೂರು ಹೊಳಲಿನವರಿಗೆ ಇಂಥ ಸೂಕ್ಷ್ಮ ಸ್ವಲ್ಪ ತಡವಾಗಿ ಅರ್ಥವಾಗುತ್ತದೆ.

ಅದೇ ತಿಂಗಳು ನಮ್ಮ ಗದ್ದೆಯ ಮೋಟರ್ ಸುಟ್ಟಿತು. ಅಪ್ಪ ಮೊಪೆಡ್ ಓಡಿಸಿದರೆ ನಾನು ಹಿಂದೆ ಮೋಟರ್ ತಬ್ಬಿಕೊಂಡು ಕೂತೆ. ಗುತ್ತಲು ರಸ್ತೆಯಲ್ಲಿ ಕೆಂಪಸಿದ್ದಯ್ಯನವರ ವೈಂಡಿಂಗ್ ಅಂಗಡಿ ಇದೆ. ಅವರು ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಒಂದೊಂದೇ ಸುತ್ತು ಎಣಿಸಿ, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಕೂರಿಸುವುದನ್ನು ನೋಡುತ್ತ ನಿಂತೆ. ಮಾರನೆಯ ದಿನ ತರಗತಿ ಮುಗಿಸಿ ಅಲ್ಲಿಗೇ ಹೋಗಿ, ನನಗೂ ಕಲಿಸಿ ಎಂದೆ.

"ಬಿ.ಕಾಂ. ಓದೋ ಮಗ, ನಿಂಗ್ಯಾಕವ್ವ ಈ ಮಸಿ ಕೆಲ್ಸ? ವಾರ್ನಿಸ್ ವಾಸ್ನೆ ತಡ್ಕಂಡೀಯಾ?" ಎಂದರು.

"ತಡ್ಕತೀನಿ."

"ಎಲ್ಡ್ ದಿನ ನೋಡಾನ ಬುಡು."

ಆ ಎರಡು ದಿನ ಈಗ ಮೂರನೆಯ ವರ್ಷಕ್ಕೆ ಬಂದಿದೆ. ಮೊದಲ ಆರು ತಿಂಗಳು ಸುಟ್ಟ ತಂತಿ ಕೀಳುವುದು, ಸುತ್ತು ಎಣಿಸುವುದು, ಇನ್ಸುಲೇಷನ್ ಕಾಗದ ಕತ್ತರಿಸುವುದು, ಇಷ್ಟೇ. ಎಣಿಕೆ ತಪ್ಪಿದರೆ ಮೋಟರ್ ಬಿಸಿಯಾಗಿ ಮತ್ತೆ ಸುಡುತ್ತದೆ, ಯಾರದೋ ಬೆಳೆ ಬಾಡುತ್ತದೆ. ನನ್ನ ಕಾಲೇಜಿನಲ್ಲಿ ತಪ್ಪು ಎಣಿಸಿದವರಿಗೆ ಏನೂ ಆಗುವುದಿಲ್ಲ ಎಂಬುದು ಈಚೆಗೆ ಗೊತ್ತಾಯಿತು. ಮಳವಳ್ಳಿ ಕಡೆಯ ಬೋರಯ್ಯ ಎಂಬ ರೈತರು ಮೊದಲ ಸಲ ನನ್ನ ಕೈಯಲ್ಲಿ ತಮ್ಮ ಮೋಟರ್ ಕಂಡು ಹೌಹಾರಿ, "ಯಾವ್ದೋ ಉಡ್ಗಿ ಕೈಗ್ ಕೊಟ್ಟು ನನ್ ಗದ್ದೆ ಒಣಗಿಸ್ಬುಡ್ಬ್ಯಾಡ ಕಣಯ್ಯ" ಎಂದು ಕೆಂಪಸಿದ್ದಯ್ಯನವರ ಮೇಲೆ ಜಗಳಕ್ಕೇ ಹೋಗಿದ್ದರು. ಈಗ ಅವರು ಊರು ಬಿಡುವ ಮುಂಚೆ ಫೋನ್ ಮಾಡಿ, "ಆ ಉಡ್ಗಿ ಅವ್ಳಾ ಇವತ್ತು? ಇಲ್ದಿದ್ರೆ ನಾಳಿಕ್ ಬತ್ತೀನಿ" ಅನ್ನುತ್ತಾರೆ. ಈ ಮಾತಿನಿಂದ ನನಗಾದ ಸಂತೋಷ ನಿಮ್ಮ ಕೋಶದ ಯಾವ ಪ್ರಮಾಣಪತ್ರದಿಂದಲೂ ಆಗಿಲ್ಲ.

ನನ್ನ ತಪ್ಪನ್ನೂ ಬರೆದುಬಿಡುತ್ತೇನೆ. ಬೇಸಿಗೆಯಲ್ಲಿ ಕರೆಂಟು ಕುಂಟುತ್ತದೆ, ಮೋಟರುಗಳು ಸಾಲುಸಾಲಾಗಿ ಸುಡುತ್ತವೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ತರಗತಿಗಳನ್ನು ತಪ್ಪಿಸಿದ್ದೇನೆ. ಸುಳ್ಳು ಜ್ವರದ ಚೀಟಿ ತರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ನಿಮಗೇ ಬರೆದುಕೊಟ್ಟು, ಇದನ್ನು ಇಂಟರ್ನ್‌ಶಿಪ್ ಎಂದು ಪರಿಗಣಿಸಿ ಎಂದು ಕೇಳಿದೆ. ಕೆಂಪಸಿದ್ದಯ್ಯನವರು ನನಗೋಸ್ಕರ ಒಂದು ಪತ್ರ ಬರೆಸಿದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಕಾಲೇಜಿಗೆ ಹೋಗುವ ಕಾಗದವೆಂದು ಮೂರು ಸಲ ಓದಿಸಿ ಕೇಳಿ, ಕೈ ತೊಳೆದುಕೊಂಡು ಬಂದು ಸಹಿ ಹಾಕಿದರು. ನೀವು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ಇದೇನಮ್ಮ, ಗುಜರಿ ಅಂಗಡಿ ಚೀಟಿ ಥರ ಇದೆ?" ಎಂದು ನಕ್ಕಿರಿ. ಅದೇ ವಾರ ಹತ್ತಾರು ಮಂದಿ ಮೊಬೈಲಿನಲ್ಲಿ ಅರ್ಧ ದಿನ ಬಟನ್ ಒತ್ತಿ ಇಳಿಸಿಕೊಂಡ ಪ್ರಮಾಣಪತ್ರಗಳನ್ನು ಒಪ್ಪಿಕೊಂಡಿರಿ. ಅವುಗಳಲ್ಲಿ ಚಿನ್ನದ ಬಣ್ಣದ ಸೀಲ್ ಇತ್ತು.

ಕೋಶದಿಂದ ನೀವೇನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಕ್ಷೇತ್ರಭೇಟಿಗೆಂದು ಕರೆದೊಯ್ದಿರಿ. ಅಲ್ಲಿನ ವಿಜ್ಞಾನಿಯೊಬ್ಬರು ಪಾಪ, ಭತ್ತದ ಹೊಸ ತಳಿ ತೋರಿಸಲು ಗದ್ದೆಯ ಬದುವಿನಲ್ಲಿ ಕಾಯುತ್ತಿದ್ದರು. ನೀವು ಗೇಟಿನಲ್ಲೇ ಬ್ಯಾನರ್ ಬಿಚ್ಚಿ, ಉದ್ದ ಇರುವವರು ಹಿಂದೆ ಹೋಗಿ ಎಂದು ನಿಲ್ಲಿಸಿ ಫೋಟೋ ತೆಗೆಸಿ, ಊಟಕ್ಕೆ ತಡವಾಯಿತೆಂದು ಬಸ್ಸು ಹತ್ತಿಸಿದಿರಿ. ಆ ದಿನ ನಮಗೆಲ್ಲ ಹಾಜರಾತಿ ಸಿಕ್ಕಿತು. ಬರದೆ ಮನೆಯಲ್ಲಿ ಮಲಗಿದ್ದವರಿಗೂ ಸಿಕ್ಕಿತು.

ಈಗ ಫೆಬ್ರುವರಿ ಹದಿನೆಂಟಕ್ಕೆ ಬರೋಣ. ಅಂದು ಹನ್ನೊಂದು ಗಂಟೆಗೆ ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಕಾರಿಡಾರಿನಲ್ಲಿ "ವಿದ್ಯಾರ್ಥಿ ಉದ್ಯಮಿಗಳು" ಎಂಬ ಮಳಿಗೆ ಹಾಕಿಸಿದ್ದಿರಿ. ನನ್ನ ತರಗತಿಯ ಮೇಧಾ ಅಲ್ಲಿ ಉಪ್ಪಿನಕಾಯಿ ಉದ್ಯಮಿ. ಹಿಂದಿನ ದಿನ ಅಂಗಡಿಯಿಂದ ತರಿಸಿದ ಬಾಟಲಿಗಳನ್ನು ಬಿಸಿನೀರಲ್ಲಿ ನೆನೆಹಾಕಿ ಹಳೆಯ ಲೇಬಲ್ ಕಿತ್ತು, ಕೋಶದ ಲೇಬಲ್ ಅಂಟಿಸಿದವಳೂ ಅವಳೇ. "ನಾಗು, ನಂಗೆ ಮಾವಿನಕಾಯಿ ಹೆಚ್ಚೋಕೂ ಬರಲ್ಲ ಕಣೇ. ಅವರು ರೆಸಿಪಿ ಕೇಳಿದರೆ ಏನು ಹೇಳ್ಲಿ?" ಎಂದು ಅಳುವುದೊಂದು ಬಾಕಿ. ಓದಿನಲ್ಲಿ ನಮಗೆಲ್ಲ ಮುಂದಿರುವ ಹುಡುಗಿಗೆ ಮೂರು ವರ್ಷದಲ್ಲಿ ನೀವು ಕಲಿಸಿದ ಒಂದೇ ಕೌಶಲ್ಯ ಲೇಬಲ್ ಕೀಳುವುದು.

ನಾನು ಮೊದಲ ಅವಧಿಗೆ ತರಗತಿಯ ಬಾಗಿಲವರೆಗೂ ಬಂದಿದ್ದೆ. ಆಗ ಕೆಂಪಸಿದ್ದಯ್ಯನವರ ಫೋನ್ ಬಂತು. ಕಾಲೇಜಿನ ಬೋರ್‌ವೆಲ್ ಮೋಟರ್ ಸುಟ್ಟಿದೆ, ಒಂದು ಶೌಚಾಲಯದಲ್ಲೂ ನೀರಿಲ್ಲ, ಸಮಿತಿ ಬರುವುದರೊಳಗೆ ಸರಿಯಾಗಬೇಕು ಎಂದು ನಿಮ್ಮ ಕಚೇರಿಯಿಂದಲೇ ಅವರಿಗೆ ಕರೆ ಹೋಗಿತ್ತು. "ನಾನ್ ಮದ್ದೂರಲ್ಲಿವ್ನಿ ಕಣವ್ವ. ನಿಮ್ ಕಾಲೇಜೇ ಅಲ್ವಾ, ವಸಿ ನೀನೇ ನೋಡ್ಬುಡು" ಎಂದರು. ಬ್ಯಾಗಿನಲ್ಲಿ ಟೆಸ್ಟರ್, ಸ್ಕ್ರೂಡ್ರೈವರ್ ಸದಾ ಇರುತ್ತವೆ. ಪಂಪ್‌ಹೌಸಿಗೆ ಓಡಿದೆ. ನೀವು ಅಲ್ಲೇ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಿರಿ.

"ನೀನ್ಯಾಕಮ್ಮ ಇಲ್ಲಿಗೆ ಬಂದೆ? ಅಂಗಡಿಯವರೆಲ್ಲಿ?"

"ಅಂಗಡಿ ಕಡೆಯಿಂದ ನಾನೇ ಸಾರ್."

ನೀವು ಒಂದು ಕ್ಷಣ ನನ್ನನ್ನು ನೋಡಿದಿರಿ, ಆಮೇಲೆ ಗಡಿಯಾರ ನೋಡಿದಿರಿ. ಗಡಿಯಾರ ನನ್ನ ಪರವಾಗಿತ್ತು. "ಆಯ್ತು, ಬೇಗ ಮಾಡು" ಎಂದಿರಿ. ಮೋಟರ್ ಮೇಲೆತ್ತಲೇಬೇಕೆಂದು ನಿಮ್ಮವರು ಆಗಲೇ ಹಗ್ಗ ತರಿಸಿದ್ದರು. ನಾನು ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದೆ. ಕರೆಂಟು ಕೂಡಿಸುವ ಕಾಂಟ್ಯಾಕ್ಟಿನ ಸಂದಿಯಲ್ಲಿ ಒಂದು ಹಲ್ಲಿ ಸುಟ್ಟು ಕರಕಾಗಿ ಅಂಟಿತ್ತು. ಮೂರರಲ್ಲಿ ಒಂದು ಫೇಸ್ ಮೋಟರಿಗೆ ಹೋಗುತ್ತಿರಲಿಲ್ಲ, ಅಷ್ಟೇ. ಹಲ್ಲಿ ತೆಗೆದು, ಉಪ್ಪುಕಾಗದದಲ್ಲಿ ಕಾಂಟ್ಯಾಕ್ಟ್ ಉಜ್ಜಿ, ಸ್ವಿಚ್ ಒತ್ತಿದೆ. ಹತ್ತೂ ಮುಕ್ಕಾಲಿಗೆ ಟ್ಯಾಂಕಿಗೆ ನೀರು ಬಿತ್ತು. ನಮ್ಮೂರುಗಳಲ್ಲಿ ಮೋಟರ್ ನಿಂತರೆ ಮೊದಲು ಹಲ್ಲಿ ಹುಡುಕುತ್ತಾರೆ. ಅದಕ್ಕೆ ಪದವಿ ಬೇಕಿಲ್ಲ, ಪೆಟ್ಟಿಗೆ ಬಿಚ್ಚಿ ನೋಡುವ ಮನಸ್ಸು ಬೇಕು.

ನಾನು ಕೈ ಒರೆಸಿಕೊಂಡು ತರಗತಿಗೆ ಹೊರಟೆ. ತಡೆದವರು ನೀವು. "ಸಂಜೆವರೆಗೂ ಇಲ್ಲೇ ಇರಮ್ಮ, ಮತ್ತೆ ನಿಂತುಹೋದರೆ ನಮ್ಮ ಮರ್ಯಾದೆ ಏನಾಗಬೇಕು?" ಎಂದಿರಿ. ಇದ್ದೆ. ಮಧ್ಯಾಹ್ನ ಸಮಿತಿಯವರು ಆ ಕಡೆ ಬಂದಾಗ ಒಬ್ಬರು ನನ್ನನ್ನು ತೋರಿಸಿ ಏನೋ ಕೇಳಿದರು. ನೀವು ಕಣ್ಣು ಮಿಟುಕಿಸದೆ, "ನಮ್ಮ ಕೋಶದ ಹುಡುಗಿ ಸಾರ್, ಎರಡು ವರ್ಷದಿಂದ ನಾವೇ ತಯಾರು ಮಾಡ್ತಿದ್ದೀವಿ" ಎಂದಿರಿ. ಫೋಟೋದವರನ್ನು ಕೂಗಿದಿರಿ. ನನಗೆ ಆಗ ಒಳಗೊಳಗೇ ಖುಷಿಯಾಯಿತು ಎಂಬುದನ್ನು ನೆನೆದರೆ ಇವತ್ತು ಮೈ ಉರಿಯುತ್ತದೆ. ಇನ್ನು ಮೇಲಾದರೂ ನನ್ನ ಕೆಲಸವನ್ನು ಕೆಲಸ ಅನ್ನುತ್ತಾರೆ ಎಂದುಕೊಂಡಿದ್ದೆ. ಸಂಜೆ ನಾನು ಬಸ್ಸು ಹತ್ತುವ ಹೊತ್ತಿಗೆ ನೀವು ರಿಜಿಸ್ಟರಿಗೆ ಸಹಿ ಹಾಕಿ ಮುಗಿಸಿದ್ದಿರಿ.

ಒಂದು ದಿನ ಸೇರಿಸಿದರೆ ಎಪ್ಪತ್ತೊಂದು ಎಪ್ಪತ್ತೈದಾಗುತ್ತದೆಯೇ ಎಂದು ಕೇಳುತ್ತೀರಿ. ಲೆಕ್ಕಶಾಸ್ತ್ರ ನಾನೂ ಓದಿದ್ದೇನೆ, ಆಗುವುದಿಲ್ಲ. ಆದರೆ ಕಾಲೇಜಿನ ಕೈಪಿಡಿಯ ಹದಿನೇಳನೆಯ ಪುಟದಲ್ಲಿ ಕೋಶದ ತರಬೇತಿಯಲ್ಲಿ ಕಳೆದ ಅವಧಿಗಳಿಗೆ ಹಾಜರಾತಿ ಕೊಡತಕ್ಕದ್ದು ಎಂದಿದೆ. ಆ ವಾಕ್ಯದ ಕೆಳಗೆ ಇರುವುದು ನಿಮ್ಮದೇ ಸಹಿ. ವಾರ್ಷಿಕ ವರದಿಯ ಪ್ರಕಾರ ನಾನು ಎರಡು ವರ್ಷದಿಂದ ಕೋಶದ ತರಬೇತಿಯಲ್ಲಿದ್ದೇನೆ. ಹಾಗಾದರೆ ನಾನು ಗುತ್ತಲು ರಸ್ತೆಯಲ್ಲಿ ಕೂತಿದ್ದ ಪ್ರತಿ ಮಧ್ಯಾಹ್ನವೂ ನಿಮ್ಮ ಲೆಕ್ಕದಲ್ಲಿ ಹಾಜರಿ. ಹಾಗಲ್ಲವಾದರೆ ನೀವು ಪರಿಶೀಲನಾ ಸಮಿತಿಯ ಮುಂದೆ ಹೇಳಿದ್ದು ಹಸಿ ಸುಳ್ಳು. ಇವೆರಡರ ನಡುವೆ ನಿಲ್ಲಲು ನಿಮಗೆ ಜಾಗ ಎಲ್ಲಿದೆ?

ಪರೀಕ್ಷೆ ಒಂದು ಹೋದರೆ ಏನಂತೆ, ಮುಂದಿನ ವರ್ಷ ಬರೆಯಲಿ ಎಂದಿರಂತೆ. ಏನಂತೆ ಎಂದು ಹೇಳುತ್ತೇನೆ. ಕೆಂಪಸಿದ್ದಯ್ಯನವರಿಗೆ ಕಣ್ಣು ಮಂದವಾಗಿದೆ, ಸಣ್ಣ ತಂತಿ ಕಾಣುವುದಿಲ್ಲ. ಮಳವಳ್ಳಿಯಲ್ಲಿ ಅವರ ಅಣ್ಣನ ಮಳಿಗೆ ಖಾಲಿಯಿದೆ. ಅಲ್ಲಿ ನಾನು ಅಂಗಡಿ ಇಡುವುದೆಂದೂ ಅವರು ಬಂದು ಪಕ್ಕದಲ್ಲಿ ಕೂರುವುದೆಂದೂ ಮಾತಾಗಿದೆ. ಅವರದು ಒಂದೇ ಷರತ್ತು. ಓದು ಬಿಟ್ಟು ಬಂದೇಬಿಡುತ್ತೇನೆ ಎಂದು ಕಳೆದ ವರ್ಷ ನಾನು ಹಟ ಮಾಡಿದಾಗ ಅವರಿಗೆ ಸಿಟ್ಟೇ ಬಂದಿತ್ತು. "ಕಾಲೇಜ್ ಬುಟ್ಟು ಬಂದ್ರೆ ಅಂಗ್ಡಿ ಒಳಿಕ್ಕೇ ಬುಡಾಕಿಲ್ಲ ನಿನ್ನ. ಪಾಸಾಗ್ ಬಾ, ಬೋರ್ಡ್ ಮ್ಯಾಲೆ ನಿನ್ ಹೆಸ್ರೇ ಬರುಸ್ತೀನಿ" ಎಂದರು. ಬೋರ್ಡ್ ಬರೆಸಿಯೂ ಆಗಿದೆ. ನನ್ನ ಹೆಸರಿನ ಮುಂದೆ ಬಿ.ಕಾಂ. ಎಂಬುದಕ್ಕೆ ಜಾಗ ಬಿಡಿಸಿ, ಗೋಡೆಗೆ ಒರಗಿಸಿಟ್ಟಿದ್ದಾರೆ. ಮಳಿಗೆಯನ್ನು ಜೂನಿನವರೆಗೆ ಮಾತ್ರ ಹಿಡಿದಿಡುತ್ತೇನೆ ಎಂದು ಅವರ ಅಣ್ಣ ಹೇಳಿದ್ದಾರೆ. ಪ್ರವೇಶಪತ್ರದ ವಿಷಯವನ್ನು ನಾನು ಕೆಂಪಸಿದ್ದಯ್ಯನವರಿಗೆ ಇನ್ನೂ ಹೇಳಿಲ್ಲ. ನಿಮ್ಮ ಕಾಲೇಜಿನ ಮೇಲೆ ನಿಮಗಿಂತ ಹೆಚ್ಚು ಗೌರವ ಇಟ್ಟುಕೊಂಡಿರುವ ಮನುಷ್ಯನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ?

ಆದ್ದರಿಂದ ನನಗೆ ದಯೆ ಬೇಡ, ಉತ್ತರ ಬೇಕು. ಒಂದೋ ವರದಿಯಲ್ಲಿ ಅಚ್ಚಾದದ್ದು ನಿಜವೆಂದು ಒಪ್ಪಿ, ಕೈಪಿಡಿಯ ಪ್ರಕಾರ ಹಾಜರಾತಿ ಬರೆದು, ಬರುವ ಶುಕ್ರವಾರದೊಳಗೆ ಪ್ರವೇಶಪತ್ರ ಕೊಡಿ. ಇಲ್ಲವೇ ಆ ಪುಟವನ್ನು ಹರಿದು, ಆ ಹುಡುಗಿಗೂ ನಮಗೂ ಸಂಬಂಧವಿಲ್ಲ, ಅವಳಿಗೆ ನಾವು ಏನೂ ಕಲಿಸಿಲ್ಲ ಎಂದು ಪರಿಶೀಲನಾ ಸಮಿತಿಗೆ ಬರೆದು, ಅದರ ಪ್ರತಿಯನ್ನು ಅದೇ ಗಾಜಿನ ಪೆಟ್ಟಿಗೆಯಲ್ಲಿಡಿ. ಎರಡನ್ನೂ ಮಾಡದಿದ್ದರೆ ವರದಿಯ ಪುಟವನ್ನೂ ರಿಜಿಸ್ಟರಿನ ಪುಟವನ್ನೂ ಅಕ್ಕಪಕ್ಕ ಅಂಟಿಸಿ ಸಮಿತಿಗೆ ನಾನೇ ಕಳಿಸುತ್ತೇನೆ.

ಕೊನೆಗೊಂದು ಮಾತು. ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಯ ತಳದಲ್ಲಿ ಈಗಲೂ ಒಂದು ತೂತಿದೆ. ಮುಚ್ಚಿಸಿ ಎಂದು ಅಂದೇ ಹೇಳಿದ್ದೆ, ನೀವು ಮುಚ್ಚಿಸಿಲ್ಲ. ಇನ್ನೊಂದು ಹಲ್ಲಿ ಬಂದೇ ಬರುತ್ತದೆ. ಆಗ ಫೋನ್ ಮಾಡಿ, ಖಂಡಿತ ಬರುತ್ತೇನೆ. ಆದರೆ ಈ ಸಲ ಬರುವಾಗ ರಿಜಿಸ್ಟರ್ ತರಿಸಿ, ನನ್ನ ಹೆಸರಿನ ಮುಂದೆ ಹಾಜರು ಎಂದು ನಿಮ್ಮ ಕೈಯಲ್ಲೇ ಬರೆಸಿಕೊಂಡು, ಆಮೇಲಷ್ಟೇ ಪೆಟ್ಟಿಗೆ ಬಿಚ್ಚುತ್ತೇನೆ.

ಇಂತಿ,
ಫೆಬ್ರುವರಿ ಹದಿನೆಂಟರಂದು ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಕಣ್ಣೆದುರೇ ಗೈರುಹಾಜರಾಗಿದ್ದ
ನಾಗಶ್ರೀ
ಅಂತಿಮ ಬಿ.ಕಾಂ. (ನೀವು ಮನಸ್ಸು ಮಾಡಿದರೆ)
ಹೊಳಲು, ಮಂಡ್ಯ ತಾಲ್ಲೂಕು