ಮಾಸ್ಟರ್ ಎದುರು ಒಂದು ಗಂಟೆ

ಪ್ರೀತಿಯ ಅಕ್ಕನಿಗೆ,

ನೀನು ವರ್ಷಗಟ್ಟಲೆ ಹೇಳಿದ್ದನ್ನು ನಿನ್ನೆ ಮಾಡಿದೆ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎನ್ನುತ್ತಿದ್ದ ನಾನು, ಹೊಲಿಗೆ ಅಂಗಡಿಯ ಬಾಗಿಲನ್ನು ಬೆಳಿಗ್ಗೆ ಒಂದು ಗಂಟೆ ಮುಚ್ಚಿ, ಮುಂದಿನ ವರ್ಷದ ಯೋಜನೆ ಬರೆಯಲು ಕಟಿಂಗ್ ಮಾಸ್ಟರ್ ಎದುರು ಕುಳಿತೆ.

“ಮಾಸ್ಟರೇ, ಇನ್ನೆರಡು ಮಿಷನ್ ಹಾಕೋಣ್ವಾ?” ಎಂದೆ.

“ಹಾಕೋಣಮ್ಮಾ. ಆದ್ರೆ ಕತ್ತರಿ ಹಿಡಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ. ನಂಗೆ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣೂ ಮಸುಕು.”

“ಯಾವಾಗಿಂದ?”

“ಒಂದೂವರೆ ವರ್ಷ ಆಯ್ತು. ಹೇಳೋಕೆ ಬಂದಾಗೆಲ್ಲ ‘ಆಮೇಲೆ ಮಾಸ್ಟರೇ, ಆಮೇಲೆ’ ಅಂತಿದ್ರಿ.”

ಅಕ್ಕಾ, ಅವರ ಮೇಜಿಗೂ ನನ್ನ ಮಿಷನ್ನಿಗೂ ನಾಲ್ಕು ಹೆಜ್ಜೆ ದೂರವೂ ಇಲ್ಲ. ಗೆರೆ ದಪ್ಪ ಎಳೆದು ಸೀಮೆಸುಣ್ಣ ದಂಡ ಮಾಡುತ್ತಾರೆಂದು ಬೈದಿದ್ದೆ. ಅಷ್ಟು ದಪ್ಪವಿದ್ದರೆ ಮಾತ್ರ ಅವರಿಗೆ ಕಾಣುತ್ತಿತ್ತಂತೆ.

ಆಗಲೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಡಗಣ್ಣು ಇನ್ನು ಬರುವುದಿಲ್ಲ, ಗುರುವಾರ ಆಪರೇಷನ್ ಆದರೆ ಬಲಗಣ್ಣು ಉಳಿಯಬಹುದು ಎಂದರು ಡಾಕ್ಟರು. “ಇಷ್ಟು ದಿನ ಏನ್ಮಾಡ್ತಿದ್ರಿ?” ಎಂದು ಅವರು ರೇಗಿದಾಗ ಮಾಸ್ಟರ್, “ಕೆಲಸ ಜಾಸ್ತಿ ಇತ್ತು” ಎಂದರು. ನನ್ನ ಹೆಸರು ಎತ್ತಲಿಲ್ಲ.

ನೀನು ಬುಧವಾರವೇ ಬಾ. ಹತ್ತು ದಿನ ಅಂಗಡಿ ನೋಡಿಕೋ. ಅವರಿಗೆ ತಮ್ಮವರೆಂಬುವರು ಯಾರೂ ಇಲ್ಲ, ಆಸ್ಪತ್ರೆಯಲ್ಲಿ ನಾನಿರುತ್ತೇನೆ. ಯೋಜನೆಯಲ್ಲಿ ಸದ್ಯಕ್ಕೆ ಒಂದೇ ಸಾಲು ಬರೆದಿದ್ದೇನೆ: ಹೊಸಬರಿಗೆ ಕಟಿಂಗ್ ಕಲಿಸುವವರು ಮಾಸ್ಟರೇ. ಅದನ್ನು ಅವರಿಗೆ ಓದಿ ಹೇಳಬೇಕು. ಬೈದ ಬಾಯಲ್ಲಿ ಅದನ್ನು ಓದಲು ನನಗೆ ಮುಖವಿಲ್ಲ, ನೀನೇ ಬಂದು ಓದು.

ನಿನ್ನ ದಾರಿ ಕಾಯುತ್ತಿರುವ
ತಂಗಿ