ಪರವಾನಗಿ ನಿನ್ನ ಹೆಸರಿನಲ್ಲಿರಲಿ

ಅವಲಪಲ್ಲಿ,
ಸೋಮವಾರ

ಅಕ್ಕನಿಗೆ ಮುನಿರತ್ನ ಮಾಡುವ ನಮಸ್ಕಾರ.

ನಮ್ಮ ಮುದ್ದೆ ಊಟದ ಅಂಗಡಿಗೆ ಪರವಾನಗಿ ಬರಲಿಲ್ಲ. ಅರ್ಜಿಯಲ್ಲಿ ನನ್ನ ಹೆಸರು ತೆಗೆಸಿ ನಿನ್ನ ಹೆಸರು ಹಾಕಿಸಬೇಕು. ಆಧಾರ್ ಕಾರ್ಡು, ಎರಡು ಫೋಟೋ ತೆಗೆದುಕೊಂಡು ಬಾ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಡುಗೆ ಮಾಡುವವರಿಗೆ ಕಾಯಿಲೆ ಇಲ್ಲವೆಂದು ಡಾಕ್ಟರ ಚೀಟಿ ಕೇಳಿದರು. ಸುಮ್ಮನೆ ಸೀಲು ಒತ್ತಿ ಕೊಡುತ್ತಾರೆ ಎಂದುಕೊಂಡು ಆಸ್ಪತ್ರೆಗೆ ಹೋದೆ. ನನ್ನ ಕೆಮ್ಮು ಕೇಳಿ ಡಾಕ್ಟರಮ್ಮ ಕಫ ಪರೀಕ್ಷೆ ಮಾಡಿಸಿದರು. ಟಿ.ಬಿ. ಇದೆಯಂತೆ.

"ಸೀಲ್ ಒಂದು ಹಾಕ್ಬುಡಿ ಮೇಡಂ, ಪಾತ್ರೆ ಎಲ್ಲಾ ತಂದ್ಬುಟ್ಟಿದೀವಿ" ಎಂದೆ.

"ಪಾತ್ರೆ ಕೆಮ್ಮಲ್ಲ ಕಣಮ್ಮ, ನೀನ್ ಕೆಮ್ತೀಯ" ಎಂದರು.

ಆರು ತಿಂಗಳು ಮಾತ್ರೆ ನುಂಗಬೇಕು. ಅಂಗಡಿ ನೀನೇ ನಡೆಸು. ಯಾರಾದರೂ ಕೇಳಿದರೆ ನಾನು ಫ್ಯಾಕ್ಟರಿ ಕೆಲಸಕ್ಕೆ ಸೇರಿದೆ ಎನ್ನು.

ಬರುವಾಗ ನಿನ್ನ ಪಾಪುವನ್ನೂ ಕರೆದುಕೊಂಡು ಬಾ, ಡಾಕ್ಟರಮ್ಮನಿಗೆ ತೋರಿಸಬೇಕು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಡಾಕ್ಟರಮ್ಮ ಕೇಳಿದಾಗ, ನಿನಗೆ ಹುಷಾರಿಲ್ಲದ ಎರಡು ತಿಂಗಳು ಅವಳು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳೆಂದು ಹೇಳಲು ಭಯವಾಯಿತು. ನೀನೇ ಹೇಳು. ಅವಳಿಗೆ ಮೈ ಹತ್ತುತ್ತಿಲ್ಲ ಎಂದಿದ್ದೆಯಲ್ಲ, ಅದನ್ನೂ ಹೇಳು. ನಾನು ಆಸ್ಪತ್ರೆಯ ಗೇಟಿನ ಹೊರಗೆ ನಿಂತಿರುತ್ತೇನೆ. ಅವಳು ನನ್ನನ್ನು ನೋಡಿ ಓಡಿ ಬಂದರೆ, ಹಿಡಿದುಕೋ.

ನಿನ್ನ ತಂಗಿ,
ಮುನಿರತ್ನ