ದ್ವೀಪದಲ್ಲಿ ಉಳಿದವಳು

ಮಲ್ಪೆ,
೧೫ ಅಕ್ಟೋಬರ್ ೨೦೨೪, ಮಂಗಳವಾರ

ಅಕ್ಕರೆಯ ದೇವಿಕಾ,

ನಿಮ್ಮವ್ವ ಚೆನ್ನಾಗಿದ್ದಾಳೆ. ನೀನು ಇದನ್ನೇ ಮೊದಲು ಓದಬೇಕು ಅಂತ ಇದನ್ನೇ ಮೊದಲು ಬರೆದೆ. ಈಗ ಲಾಡ್ಜಿನ ಕೋಣೆಯಲ್ಲಿ ನನ್ನ ಎದುರಿನ ಮಂಚದಲ್ಲಿ ಚಾದರ ಹೊದ್ದು ಮಲಗಿದ್ದಾಳೆ. ಬೆಳಿಗ್ಗೆ ನೀನು ಸುರಪುರದಿಂದ ಫೋನ್ ಮಾಡಿದಾಗ "ಅವ್ವಗ ಸ್ವಲ್ಪ ಗಂಟಲಾ ಕಟ್ಟೈತಿ, ಅಷ್ಟ" ಎಂದೆ. ಕಟ್ಟಿದ್ದು ನೆಗಡಿಯಿಂದಲ್ಲ, ಕೂಗಿ ಕೂಗಿ. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಕಾಗದ ಹಿಡಿದೆ.

ಶಹಾಪುರದಿಂದ ಹೊರಟವರು ನಾವು ಎಂಟು ಜನ ಅಂಗನವಾಡಿ ಕಾರ್ಯಕರ್ತೆಯರು, ನಿಮ್ಮವ್ವ ಸೇರಿ ಒಂಬತ್ತು. ಎಲ್ಲರ ಜವಾಬ್ದಾರಿ ನನ್ನದು. ಗೋಕರ್ಣ, ಮುರುಡೇಶ್ವರ ಸುಖವಾಗಿ ಮುಗಿದವು. ಸಮುದ್ರ ಕಂಡ ಮೊದಲ ದಿನ ನಿಮ್ಮವ್ವ ಅಮೃತಮ್ಮ ಮರಳಲ್ಲಿ ಕೂತು, "ನಮ್ಮ ಕೃಷ್ಣಾ ಹೊಳಿಗೆ ಆಚಿ ದಂಡಿ ಐತಿ. ಇದಕ್ಕ ಎಲ್ಲೈತೇ ನಾಗರತ್ನಾ?" ಅಂದಳು. ಉಳಿದವರು ನಕ್ಕರು. ನಾನು ಮಾತ್ರ ನೀರಿನಿಂದ ದೂರ ಸರಿದು ನಿಂತೆ. ನೀರೆಂದರೆ ನನಗೆ ಎಷ್ಟು ಅಂಜಿಕೆ ಅಂತ ನಿನಗೆ ಗೊತ್ತು.

ನಿನ್ನೆ ಮಧ್ಯಾಹ್ನ ಇಲ್ಲಿನ ದ್ವೀಪಕ್ಕೆ ದೋಣಿಯಲ್ಲಿ ಹೋದೆವು. ಕಂಬ ನಿಲ್ಲಿಸಿದಂಥ ಕರಿ ಬಂಡೆಗಳು, ಮರಳಿನ ಬದಲು ಕಪ್ಪೆಚಿಪ್ಪು. ನಾಲ್ಕೂವರೆಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು, ಮೋಡ ಕವಿಯಿತು. ದೋಣಿಯವನು, "ಬೇಗ ಹತ್ತಿ ಅಕ್ಕಾ, ಇದೇ ಕಡೇ ದೋಣಿ, ಇನ್ನು ಬರ್ಲಿಕ್ಕೆ ಆಗುದಿಲ್ಲ" ಎಂದು ಅವಸರ ಮಾಡಿದ. ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು. ಒಬ್ಬೊಬ್ಬರನ್ನೇ ಕೈಹಿಡಿದು ಎಳೆದುಕೊಂಡರು. "ಎಲ್ಲಾ ಬಂದ್ರಾ?" ಎಂದು ಕೇಳಿದ. ಆ ಗಡಿಬಿಡಿಯಲ್ಲಿ ನನ್ನ ಲೆಕ್ಕ ತಪ್ಪಿತು. ಬಂದರು ಎಂದೆ.

ದಡ ಮುಟ್ಟಿದ ಮೇಲೆ ನಮ್ಮ ಜೊತೆಯ ಕಾರ್ಯಕರ್ತೆ ಶಿವಬಸಮ್ಮ ಹಿಂದಿರುಗಿ ನೋಡಿ, "ಅಮೃತಮ್ಮ ಎಲ್ಲೆ?" ಎಂದಳು. ಆಚೆ ದ್ವೀಪ ಮಳೆಯಲ್ಲಿ ಅಳಿಸಿಹೋಗಿತ್ತು. ದೋಣಿಯವನ ಮುಖ ಬಿಳಿಚಿತು. ಗಾಳಿ ಇಳಿಯದೆ ಹೊರಟರೆ ಎಲ್ಲರೂ ಮುಳುಗುತ್ತೇವೆ ಎಂದ. ಅವನ ಕಾಲು ಹಿಡಿದೆ, ದೇವಿಕಾ. ಮುಕ್ಕಾಲು ತಾಸು ಕಾಯಿಸಿದ. ಆ ಮುಕ್ಕಾಲು ತಾಸಿನಲ್ಲಿ ನಿನಗೆ ಏನು ಹೇಳಲಿ ಎಂಬ ಒಂದೇ ಮಾತು ತಲೆಯೊಳಗೆ ಗಿರಗಿಟ್ಲೆ ಆಡಿತು.

ಅವನ ಜೊತೆ ನಾನೂ ಹೋದೆ. ನನಗೆ ಧೈರ್ಯ ಬಂತು ಅಂತ ಉಳಿದವರು ತಿಳಿದಿದ್ದಾರೆ. ಧೈರ್ಯವಲ್ಲ, ಶಿವಬಸಮ್ಮನ ಕಣ್ಣೆದುರು ನಿಲ್ಲಲಾಗಲಿಲ್ಲ. ಒಂದೊಂದು ಅಲೆ ಬಂದಾಗಲೂ ಸತ್ತೆ ಅಂದುಕೊಂಡೆ, ಹಲಗೆ ಕಚ್ಚಿ ಹಿಡಿದೆ.

ಕತ್ತಲಾಗುವ ಮುಂಚೆ ಅವಳು ಸಿಕ್ಕಳು. ಎತ್ತರದ ಬಂಡೆಯೊಂದನ್ನು ತಬ್ಬಿ ಕೂತಿದ್ದಳು. ಸೀರೆ ತೊಯ್ದು ಮೈಗಂಟಿತ್ತು, ಎರಡೂ ಅಂಗೈ ಚಿಪ್ಪಿಗೆ ಸೀಳಿದ್ದವು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಎತ್ತಿಕೊಂಡಾಗ ಹಕ್ಕಿಮರಿಯಷ್ಟು ಹಗುರ, ಅದರಂತೆಯೇ ನಡುಗುತ್ತಿದ್ದಳು. ದಡದಲ್ಲಿ ಎಲ್ಲರ ಮುಂದೆ, ಒಡೆದ ದನಿಯಲ್ಲೇ, "ತಪ್ಪು ನಂದ್ರೆವ್ವಾ. ಚಿಪ್ಪ ಆರಿಸ್ಕೋತ ತಡಾ ಮಾಡೀನಿ. ನಾಗರತ್ನಾಗ ಯಾರೂ ಏನೂ ಅನಬ್ಯಾಡ್ರಿ" ಅಂದಳು.

ಡಾಕ್ಟರು ನೋಡಿದ್ದಾರೆ. ಜ್ವರವಿಲ್ಲ, ಅಂಗೈಗೆ ಪಟ್ಟಿ ಕಟ್ಟಿದ್ದಾರೆ. ನಾಳೆ ಹೊರಡುತ್ತೇವೆ. ಆದರೆ ಅವಳ ಪಕ್ಕದ ಸೀಟಿನಲ್ಲಿ ಇಡೀ ದಾರಿ ಹೇಗೆ ಕೂರಲಿ ಎಂಬುದೇ ನನ್ನ ಈಗಿನ ಭಯ.

ನಿನ್ನ ಗೆಳತಿಯಾಗಿ ಉಳಿಯಬೇಕೆಂದು ಬೇಡುವ,
ನಾಗರತ್ನಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಲೆಕ್ಕ ತಪ್ಪಿರಲಿಲ್ಲ. ದೋಣಿಯಲ್ಲಿ ಎಂಟೇ ಜನ ಎಂದು ನನಗೆ ಗೊತ್ತಿತ್ತು. ಬಂಡೆಗಳ ನಡುವಿನಿಂದ ಕೈಬೀಸುತ್ತ ಓಡಿ ಬರುತ್ತಿದ್ದವಳನ್ನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಒಂದು ಅಲೆ ದೋಣಿಯನ್ನು ಎತ್ತಿ ಒಗೆಯಿತು. ಇನ್ನೊಂದು ಗಳಿಗೆ ನಿಂತರೆ ಸಾಯುತ್ತೇನೆ ಅನ್ನಿಸಿ, "ಎಲ್ಲಾರೂ ಬಂದಾರ, ಹೊಡೀರಿ" ಅಂದೆ. ವಾಪಸ್ಸು ಬರುವಾಗ ನಿಮ್ಮವ್ವ ನನ್ನ ಕಿವಿಗೆ ಬಾಯಿಟ್ಟು, "ನೀ ನನ್ನ ನೋಡಿದ್ದು ನಾ ನೋಡೀನಿ. ದೇವಿಕಾಗ ಹೇಳಬ್ಯಾಡ. ಆಕಿಗೆ ನಿನ್ನ ಬಿಟ್ರ ಗೆಳತಿ ಅಂತ ಯಾರದಾರ?" ಅಂದಳು. ಅವಳ ಮಾತು ಮೀರಿ ಬರೆದಿದ್ದೇನೆ.